ಐವತ್ತು ಮೀಟರಿನ ಪೆಲೆಟ್: ಸ್ಪ್ರಿಂಗ್ ಏರ್‌ರೈಫಲ್ ಕುರಿತು ಒಂದು ಸಂಶೋಧನಾ ಟಿಪ್ಪಣಿ

ಸ್ಪ್ರಿಂಗ್ ಏರ್‌ರೈಫಲ್‌ಗೆ ಯಾವ ಪೆಲೆಟ್ ಒಳ್ಳೆಯದು ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದು ಗುರಿಕಾಗದ. ಕಾಗದದಲ್ಲಿ ಐದು ತೂತು, ಪಕ್ಕದಲ್ಲಿ ಅಳತೆಗೆಂದು ಇಟ್ಟ ನಾಣ್ಯ, ಕೆಳಗೆ ಪೆಲೆಟ್ಟಿನ ಹೆಸರು. ತೂತುಗಳು ಹತ್ತಿರವಿದ್ದರೆ ಪೆಲೆಟ್ ಒಳ್ಳೆಯದು, ಚದುರಿದ್ದರೆ ಕೆಟ್ಟದ್ದು. ಇಷ್ಟು ಸಾಕ್ಷ್ಯದ ಮೇಲೆ ತೀರ್ಪು ಕೊಡುವುದು ಅವಸರವಾಗುತ್ತದೆ. ಒಂದೇ ದೂರದಲ್ಲಿ ಹೊಡೆದ ಕಾಗದ ಕೈ, ಬಂದೂಕು, ಗಾಳಿ, ಪೆಲೆಟ್ ಈ ನಾಲ್ಕರ ತಪ್ಪನ್ನೂ ಒಟ್ಟಿಗೆ ಕಲಸಿ ತೋರಿಸುತ್ತದೆ, ಬಿಡಿಸಿ ಹೇಳುವುದಿಲ್ಲ. 25 ಮೀಟರಿನಲ್ಲೊಮ್ಮೆ, 50 ಮೀಟರಿನಲ್ಲೊಮ್ಮೆ ಹೊಡೆದು, ತೂತುಗಳ ಗುಂಪು ಎಷ್ಟು ಪಟ್ಟು ಹಿಗ್ಗಿತು, ಯಾವ ದಿಕ್ಕಿಗೆ ಹಿಗ್ಗಿತು ಎಂದು ನೋಡಿದರೆ ನಾಲ್ಕನ್ನೂ ಬಹುಮಟ್ಟಿಗೆ ಬೇರೆ ಮಾಡಬಹುದು. ಅದು ಹೇಗೆ ಎಂಬುದೇ ಈ ಟಿಪ್ಪಣಿಯ ವಿಷಯ.

ಮೊದಲು ವ್ಯಾಪ್ತಿಯ ಮಾತು. ಒಲಿಂಪಿಕ್ಸ್‌ನ ಏರ್‌ರೈಫಲ್ ಸ್ಪರ್ಧೆ ನಡೆಯುವುದು 10 ಮೀಟರಿನಲ್ಲಿ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಅದರಲ್ಲಿ. ಅಲ್ಲಿನ ರೈಫಲ್‌ನಲ್ಲಿ ಮೊದಲೇ ಒತ್ತಿ ತುಂಬಿದ ಗಾಳಿಯ ಸಿಲಿಂಡರ್ ಇರುತ್ತದೆ, ಪೆಲೆಟ್ಟಿನ ತಲೆ ಚಪ್ಪಟೆಯಾಗಿರುತ್ತದೆ, ಸಭಾಂಗಣದಲ್ಲಿ ಗಾಳಿ ಬೀಸುವುದಿಲ್ಲ. ನಮ್ಮ ಪ್ರಶ್ನೆ ಹುಟ್ಟುವುದು ಬಯಲಿನಲ್ಲಿ ಆಡುವ ಫೀಲ್ಡ್ ಟಾರ್ಗೆಟ್ ಎಂಬ ಕ್ರೀಡೆಯಲ್ಲಿ. ಅದರ ಅಂತರರಾಷ್ಟ್ರೀಯ ನಿಯಮದಲ್ಲಿ ಗುರಿಗಳು 10ರಿಂದ 55 ಗಜದವರೆಗೆ, ಅಂದರೆ ಸುಮಾರು 9ರಿಂದ 50 ಮೀಟರಿನೊಳಗೆ ಇರುತ್ತವೆ. ಶಕ್ತಿಯ ಮಿತಿ 12 ಅಡಿ-ಪೌಂಡ್, ಅಂದರೆ 16.27 ಜೂಲ್. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್‌ರೈಫಲ್‌ನ ಮಿತಿಯೂ ಅದೇ. ಜರ್ಮನಿಯಲ್ಲಿ ಮಿತಿ 7.5 ಜೂಲ್. ನಮ್ಮಲ್ಲಿ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಮೀರಿದ ನಳಿಗೆಗೆ ಅಥವಾ 20 ಜೂಲ್ ಮೀರಿದ ಶಕ್ತಿಗೆ ಪರವಾನಗಿ ಬೇಕು. ಆದ್ದರಿಂದ 4.5 ಮಿ.ಮೀ. ನಳಿಗೆ, 15 ಜೂಲ್ ಶಕ್ತಿ ಎಂದು ಹಿಡಿದರೆ ಲೆಕ್ಕ ಫೀಲ್ಡ್ ಟಾರ್ಗೆಟ್ ನಿಯಮಕ್ಕೂ ಸಲ್ಲುತ್ತದೆ, ನಮ್ಮ ನಿಯಮಕ್ಕೂ ಸಲ್ಲುತ್ತದೆ. ಇನ್ನೊಂದನ್ನೂ ಹೇಳಿಬಿಡಬೇಕು: ಇಲ್ಲಿನ ಗುರಿ ಕಾಗದ ಮಾತ್ರ. ಹಕ್ಕಿ, ಅಳಿಲಿನತ್ತ ಏರ್‌ಗನ್ ತಿರುಗಿಸುವವರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ.

ಸ್ಪ್ರಿಂಗ್ ಏನು ಮಾಡುತ್ತದೆ

ಈ ಬಂದೂಕಿನಲ್ಲಿ ಗಾಳಿ ಮೊದಲೇ ತುಂಬಿಕೊಂಡಿರುವುದಿಲ್ಲ. ಸನ್ನೆ ಎಳೆದಾಗ ಗಟ್ಟಿ ಸ್ಪ್ರಿಂಗ್ ಮುದುಡಿ ಪಿಸ್ಟನ್ ಹಿಂದೆ ಸಿಕ್ಕಿಕೊಳ್ಳುತ್ತದೆ. ಕುದುರೆ ಒತ್ತಿದೊಡನೆ ಪಿಸ್ಟನ್ ಮುಂದಕ್ಕೆ ಧಾವಿಸಿ, ಎದುರಿನ ಗಾಳಿಯನ್ನು ಕ್ಷಣಮಾತ್ರದಲ್ಲಿ ಹಿಂಡುತ್ತದೆ. ಹಿಂಡಿದ ಗಾಳಿ ಕಾದು, ಕಿರಿದಾದ ರಂಧ್ರದ ಮೂಲಕ ನಳಿಗೆಗೆ ನುಗ್ಗಿ ಪೆಲೆಟ್ಟನ್ನು ತಳ್ಳುತ್ತದೆ. ಪಿಸ್ಟನ್ ಮುಂದಕ್ಕೆ ಹೋದಾಗ ಬಂದೂಕು ಹಿಂದಕ್ಕೆ ಸರಿಯಬೇಕು. ಒಟ್ಟು ನಾಲ್ಕು ಕಿಲೋ ತೂಕದ ರೈಫಲ್‌ನೊಳಗೆ ಕಾಲು ಕಿಲೋ ಪಿಸ್ಟನ್ 80 ಮಿ.ಮೀ. ಓಡಿದರೆ ಬಂದೂಕು 5 ಮಿ.ಮೀ. ಹಿಂದೆ ಬಂದಿರುತ್ತದೆ. ಓಟದ ಕೊನೆಗೆ ಎದುರಿನ ಒತ್ತಡ ಪಿಸ್ಟನ್ನನ್ನು ತಡೆದು ನಿಲ್ಲಿಸಿದಾಗ ಬಂದೂಕಿಗೆ ಮುಂದಕ್ಕೆ ಎಳೆತ. ಪೆಲೆಟ್ ನಳಿಗೆಯೊಳಗೆ ಓಡುವುದು ಈ ಹಿಂದು-ಮುಂದಿನ ಒದೆತದ ನಡುವೆಯೇ. ಸಿಲಿಂಡರ್ ರೈಫಲ್‌ಗೂ ಸ್ಪ್ರಿಂಗ್ ರೈಫಲ್‌ಗೂ ಇರುವ ಮುಖ್ಯ ವ್ಯತ್ಯಾಸ ಇದು. ಸಿಲಿಂಡರ್ ರೈಫಲ್‌ನ ಪೆಲೆಟ್ ಪರೀಕ್ಷೆಯ ಫಲಿತಾಂಶವನ್ನು ಹಾಗೇ ಸ್ಪ್ರಿಂಗ್ ರೈಫಲ್‌ಗೆ ಅನ್ವಯಿಸಿದರೆ ತಪ್ಪಾಗುವುದೂ ಇದರಿಂದಲೇ.

ಪೆಲೆಟ್ ಯಾವಾಗ ಹೊರಡುತ್ತದೆ ಎಂಬುದು ಪೆಲೆಟ್ಟಿನ ಮೇಲೂ ನಿಂತಿದೆ. ಹಗುರವಾಗಿ, ಸಡಿಲವಾಗಿ ಕುಳಿತ ಪೆಲೆಟ್ ಒತ್ತಡ ತುದಿ ಮುಟ್ಟುವ ಮೊದಲೇ ಹೊರಟುಬಿಡುತ್ತದೆ; ಆಗ ಪಿಸ್ಟನ್‌ಗೆ ಎದುರು ಮೆತ್ತೆ ಸಾಲದೆ ಅದು ತಾನು ಓಡುವ ಕೊಳವೆಯ ಮುಂದಿನ ಗೋಡೆಗೆ ಬಡಿಯುತ್ತದೆ. ಭಾರವಾಗಿ, ಬಿಗಿಯಾಗಿ ಕುಳಿತದ್ದು ತಡವಾಗಿ ಕದಲುತ್ತದೆ. ಆಗ ಪಿಸ್ಟನ್ ಒತ್ತಡದ ಮೇಲೆ ಪುಟಿದು ಹಿಂದಕ್ಕೆ ಬರುತ್ತದೆ, ಸ್ವಲ್ಪ ಶಕ್ತಿ ಅಲ್ಲೇ ಪೋಲಾಗುತ್ತದೆ. ಒಂದೊಂದು ಬಂದೂಕಿನ ಸ್ಪ್ರಿಂಗ್, ಪಿಸ್ಟನ್ ತೂಕ, ರಂಧ್ರದ ಅಗಲಕ್ಕೆ ಹೊಂದುವ ಪೆಲೆಟ್ ತೂಕ ಒಂದಿರುತ್ತದೆ. ಅದನ್ನು ಮೀರಿದರೆ ನಳಿಗೆಯ ಬಾಯಲ್ಲಿ ಸಿಗುವ ಶಕ್ತಿ ಇಳಿಯುತ್ತದೆ. ಸಿಲಿಂಡರ್ ರೈಫಲ್‌ನಲ್ಲಿ ಇದು ಬಹುಪಾಲು ತಿರುಗುಮುರುಗು: ಭಾರದ ಪೆಲೆಟ್ಟಿಗೆ ಶಕ್ತಿ ತುಸು ಹೆಚ್ಚೇ ಸಿಗುತ್ತದೆ.

ಇಂಗ್ಲೆಂಡಿನ ಕಾರ್ಡ್ಯೂ ತಂದೆ-ಮಗ 1970ರ ದಶಕದಲ್ಲಿ ಈ ಬಂದೂಕಿನ ಒಳಗನ್ನು ಕ್ರಮಬದ್ಧವಾಗಿ ಅಳೆದವರು. ಗಾಳಿಯ ಬದಲು ಸಾರಜನಕ ತುಂಬಿ ಹೊಡೆದು ನೋಡಿದಾಗ ವೇಗ ಇಳಿದದ್ದನ್ನು ಅವರು ತೋರಿಸಿದರು. ಅಂದರೆ ಹಿಂಡಿದ ಗಾಳಿಯ ಕಾವಿಗೆ ಪಿಸ್ಟನ್ ಬಳಿಯ ಎಣ್ಣೆಯ ಪಸೆ ಸ್ವಲ್ಪ ಉರಿಯುತ್ತದೆ, ಆ ಉರಿಯೂ ಪೆಲೆಟ್ಟನ್ನು ತಳ್ಳುತ್ತದೆ. ಪೆಲೆಟ್ ಹೋಲಿಕೆ ಮಾಡುವವನು ಇದನ್ನು ಮರೆಯಬಾರದು. ಹೊಸದಾಗಿ ಎಣ್ಣೆ ಬಿಟ್ಟ ಬಂದೂಕಿನ ವೇಗ ಹೊಡೆತದಿಂದ ಹೊಡೆತಕ್ಕೆ ಕುಣಿಯುತ್ತದೆ; ಆಗ ಯಾವ ಪೆಲೆಟ್ಟಿನ ಹೆಸರಿನಲ್ಲೂ ಅಂಕಿ ಬರೆದುಕೊಳ್ಳುವಂತಿಲ್ಲ.

ಮೂರು ತೂಕ, ಒಂದು ಲೆಕ್ಕ

ಡಯಾಬೊಲೊ ಎನ್ನುವ ಈ ಪೆಲೆಟ್ಟಿಗೆ ಗಟ್ಟಿ ತಲೆ, ಸಣ್ಣ ಸೊಂಟ, ಟೊಳ್ಳಾದ ಸ್ಕರ್ಟ್ ಇರುತ್ತವೆ. ತೂಕ ಮುಂದೆ, ಗಾಳಿಯ ತಡೆ ಹಿಂದೆ ಇರುವುದರಿಂದ ಷಟಲ್ ಕಾಕ್ ಹಾಗೆ ತಲೆ ಮುಂದಾಗಿಯೇ ಹಾರುತ್ತದೆ. ಜೊತೆಗೆ ನಳಿಗೆಯ ತಿರುಪು ಗೀರುಗಳು ಅದನ್ನು ತಿರುಗಿಸುತ್ತವೆ. ಈ ಸ್ಥಿರತೆಗೆ ತೆರುವ ಬೆಲೆ ಗಾಳಿಯ ಎಳೆತ. 50 ಮೀಟರ್ ಹೋಗುವಷ್ಟರಲ್ಲಿ ವೇಗದ ಸುಮಾರು ಕಾಲುಭಾಗ ಅಥವಾ ಅದಕ್ಕೂ ಹೆಚ್ಚು ಕರಗಿಹೋಗುತ್ತದೆ. ದೂರಕ್ಕೆ ಗುಮ್ಮಟದಂಥ ದುಂಡು ತಲೆಯದ್ದೇ ಸರಿ. ಚಪ್ಪಟೆ ತಲೆಯದ್ದು 10 ಮೀಟರಿನ ಕಾಗದದಲ್ಲಿ ಅಚ್ಚುಕಟ್ಟಾಗಿ ತೂತು ಕೊರೆಯುತ್ತದೆ, ಆದರೆ 25 ದಾಟಿದ ಮೇಲೆ ಅದನ್ನು ನೆಚ್ಚುವಂತಿಲ್ಲ. ಚೂಪು ಮೊನೆಯದ್ದು, ತಲೆಯಲ್ಲಿ ಗುಳಿ ಇರುವುದು ಇವೆಲ್ಲ ಅಂಗಡಿಯ ಗಾಜಿನ ಹಿಂದೆ ಚೆನ್ನ.

ಹೋಲಿಕೆಗೆ ಜೆಕ್ ಗಣರಾಜ್ಯದ ಬೊಹುಮಿನ್ ಊರಿನ ಜೆಎಸ್‌ಬಿ ಕಂಪನಿಯ ಎಕ್ಸಾಕ್ಟ್ ಸಾಲಿನ ಮೂರು ದುಂಡು ತಲೆಯ ಪೆಲೆಟ್‌ಗಳನ್ನು ತೆಗೆದುಕೊಳ್ಳುತ್ತೇನೆ. ಆರ್‌ಎಸ್ 7.33 ಗ್ರೇನ್, ಅಂದರೆ 0.475 ಗ್ರಾಂ. ಸಾಮಾನ್ಯ ಎಕ್ಸಾಕ್ಟ್ 8.44 ಗ್ರೇನ್, 0.547 ಗ್ರಾಂ. ಹೆವಿ 10.34 ಗ್ರೇನ್, 0.670 ಗ್ರಾಂ. ಇಲ್ಲಿ ಗ್ರೇನ್ ಎಂಬುದು ತೂಕದ ಹಳೆಯ ಇಂಗ್ಲಿಷ್ ಅಳತೆ. ಡಬ್ಬಿಗಳ ಮೇಲೆ ಈಗಲೂ ಅದೇ ನಡೆಯುತ್ತಿದೆ. ಜರ್ಮನಿಯ ಎಚ್ ಆ್ಯಂಡ್ ಎನ್ ಕಂಪನಿಯ ಫೀಲ್ಡ್ ಟಾರ್ಗೆಟ್ ಟ್ರೋಫಿ, ಬರಾಕುಡಾ ಪೆಲೆಟ್‌ಗಳೂ ಹೆಚ್ಚು ಕಡಿಮೆ ಇದೇ ನಡುತೂಕ, ಭಾರದ ತೂಕದವು. ಆದ್ದರಿಂದ ಕೆಳಗಿನ ಅಂಕಿಗಳನ್ನು ಒಂದು ಕಂಪನಿಗೆ ಕಟ್ಟಿಹಾಕಬೇಕಿಲ್ಲ.

ಲೆಕ್ಕದ ಆಧಾರ ಸರಳ. ಶಬ್ದದ ವೇಗಕ್ಕಿಂತ ಸಾಕಷ್ಟು ಕೆಳಗೆ ಹಾರುವ ಪೆಲೆಟ್ಟಿನ ವೇಗ ದೂರದೊಂದಿಗೆ ನಿಗದಿತ ಅನುಪಾತದಲ್ಲಿ ಇಳಿಯುತ್ತದೆ. ನಡುತೂಕದ ಎಕ್ಸಾಕ್ಟ್‌ಗೆ ಹೇಳುವ 0.021ರ ಆಸುಪಾಸಿನ ಬ್ಯಾಲಿಸ್ಟಿಕ್ ಗುಣಾಂಕವನ್ನು (ಗಾಳಿಯ ಎಳೆತದ ಎದುರು ವೇಗ ಉಳಿಸಿಕೊಳ್ಳುವ ಗುಣದ ಅಳತೆ) ಈ ಭಾಷೆಗೆ ತಿರುಗಿಸಿದರೆ, ಸುಮಾರು 150 ಮೀಟರಿಗೆ ವೇಗ ಶೇ 37ಕ್ಕೆ ಇಳಿಯುತ್ತದೆ ಎಂದಾಗುತ್ತದೆ. ಈ 150 ಮೀಟರನ್ನು ಅದರ ‘ಇಳಿತದ ದೂರ’ ಎನ್ನೋಣ. ಆಕಾರ ಒಂದೇ ಎಂದು ಒಪ್ಪಿಕೊಂಡರೆ ಇಳಿತದ ದೂರ ತೂಕಕ್ಕೆ ಸಮವಾಗಿ ಏರುತ್ತದೆ: ಹಗುರದ್ದಕ್ಕೆ 130 ಮೀ., ಭಾರದ್ದಕ್ಕೆ 184 ಮೀ.

ಮೂರಕ್ಕೂ ನಳಿಗೆಯ ಬಾಯಲ್ಲಿ 15 ಜೂಲ್ ಸಿಕ್ಕಿತೆಂದು ಮೊದಲು ಭಾವಿಸೋಣ. ಹೊರಡುವ ವೇಗ ಸೆಕೆಂಡಿಗೆ ಕ್ರಮವಾಗಿ 251, 234, 212 ಮೀಟರ್. 50 ಮೀಟರಿನಲ್ಲಿ ಉಳಿಯುವ ವೇಗ 171, 168, 161. ಹೊರಡುವಾಗ ಹಗುರದ್ದಕ್ಕೂ ಭಾರದ್ದಕ್ಕೂ ಇದ್ದ 40 ಮೀಟರಿನ ಅಂತರ ಗುರಿ ತಲುಪುವಾಗ 10ಕ್ಕೆ ಇಳಿದಿದೆ. ಉಳಿಯುವ ಶಕ್ತಿ 6.9, 7.7, 8.7 ಜೂಲ್. ಸೆಕೆಂಡಿಗೆ 2 ಮೀ. ವೇಗದ ಅಡ್ಡಗಾಳಿ, ಅಂದರೆ ಮುಖಕ್ಕೆ ತಾಗಿದ್ದು ಗೊತ್ತಾಗುವಷ್ಟು ಗಾಳಿ, ಪೆಲೆಟ್ಟನ್ನು ಪಕ್ಕಕ್ಕೆ ಸರಿಸುವುದು 8.7, 8.0, 7.0 ಸೆಂ.ಮೀ. ನಳಿಗೆಯ ಗೆರೆಯಿಂದ ಕೆಳಕ್ಕೆ ಬೀಳುವುದು ಸುಮಾರು 25.5, 28, 33 ಸೆಂ.ಮೀ. ಇಷ್ಟನ್ನೇ ನೋಡಿದರೆ ಭಾರದ ಪೆಲೆಟ್ ಗೆದ್ದಂತೆ. ಬೀಳುವುದು ಹೆಚ್ಚಾದರೂ ಅದು ಗೊತ್ತಿರುವ ವಿಷಯ, ಸ್ಕೋಪ್ ತಿರುಗಿಸಿ ಸರಿಮಾಡಬಹುದು. ಗಾಳಿ ಗೊತ್ತಾಗದ್ದು.

ಆದರೆ ಸ್ಪ್ರಿಂಗ್ ರೈಫಲ್ ಮೂರಕ್ಕೂ ಸಮನಾಗಿ 15 ಜೂಲ್ ಕೊಡಬೇಕಲ್ಲ? ಭಾರದ್ದಕ್ಕೆ ಶೇ 10 ಕಡಿಮೆ, 13.5 ಜೂಲ್ ಸಿಕ್ಕಿತೆನ್ನಿ. ವೇಗ ಸೆಕೆಂಡಿಗೆ 201 ಮೀಟರಿಗೆ ಇಳಿಯುತ್ತದೆ. 50 ಮೀಟರಿನಲ್ಲಿ ಉಳಿಯುವ ಶಕ್ತಿ 7.8 ಜೂಲ್, ನಡುತೂಕದ್ದಕ್ಕೆ 7.7. ಶಕ್ತಿಯ ಮೇಲುಗೈ ಹೆಸರಿಗಷ್ಟೇ ಉಳಿಯಿತು. ಅಡ್ಡಗಾಳಿಯಲ್ಲಿ ಸರಿಯುವುದು 7.4 ಸೆಂ.ಮೀ., ಅಂದರೆ ನಡುತೂಕದ್ದಕ್ಕಿಂತ 6 ಮಿ.ಮೀ. ಲಾಭ. ಬೀಳುವುದು ಮಾತ್ರ ಸುಮಾರು 37 ಸೆಂ.ಮೀ.ಗೆ ಹೋಗುತ್ತದೆ, 9 ಸೆಂ.ಮೀ. ಹೆಚ್ಚು. ಇನ್ನೂ ಸ್ವಲ್ಪ ಲೆಕ್ಕ ಬೆಳೆಸಿದರೆ ಎರಡು ಗಡಿಗಳು ಸಿಗುತ್ತವೆ. ಬಾಯಿಯ ಶಕ್ತಿ ಶೇ 12ರಷ್ಟು ಇಳಿದರೆ ಭಾರದ ಪೆಲೆಟ್ಟಿನ ಶಕ್ತಿಯ ಲಾಭ ಸೊನ್ನೆ. ಶೇ 22ರಷ್ಟು ಇಳಿದರೆ ಗಾಳಿಯ ಲಾಭವೂ ಸೊನ್ನೆ. ಇವುಗಳ ನಡುವೆ ಬೀಳುವ ಬಂದೂಕಿನ ಒಡೆಯ ಗಾಳಿಯಲ್ಲಿ ಗಳಿಸಿದ್ದನ್ನು ದೂರದ ಅಂದಾಜಿನಲ್ಲಿ ಕಳೆದುಕೊಳ್ಳುತ್ತಾನೆ. ಪಥ ಕಡಿದಾದಷ್ಟೂ ದೂರದ ಅಂದಾಜಿನ ತಪ್ಪು ದುಬಾರಿ. ನಡುತೂಕದ್ದಕ್ಕೇ 50 ಮೀಟರ್ ಬಳಿ ಒಂದು ಮೀಟರ್ ತಪ್ಪಿದರೆ 6 ಮಿ.ಮೀ. ಏರುಪೇರು. ಡಬ್ಬಿಯ ಮೇಲಿನ ಬ್ಯಾಲಿಸ್ಟಿಕ್ ಗುಣಾಂಕ ನೋಡಿ ಭಾರದ ಪೆಲೆಟ್ ಕೊಳ್ಳುವವರು ಈ ಶೇ 12ನ್ನು ನೆನಪಿಡಬೇಕು. ಅಳೆಯಲು ಬೇಕಾದದ್ದು ಪೆಲೆಟ್ಟಿನ ವೇಗ ತೋರಿಸುವ ಒಂದು ಕ್ರೋನೋಗ್ರಾಫ್, ಅಷ್ಟೇ.

ಸೀಸವಿಲ್ಲದ ಮಿಶ್ರಲೋಹದ ಅತಿ ಹಗುರ ಪೆಲೆಟ್‌ಗಳ ಮಾತು ಎರಡು ಸಾಲಿನಲ್ಲಿ ಮುಗಿಯುತ್ತದೆ. 0.34 ಗ್ರಾಂನದ್ದು 15 ಜೂಲಿಗೆ ಸೆಕೆಂಡಿಗೆ 297 ಮೀಟರ್ ವೇಗದಲ್ಲಿ ಹೊರಡುತ್ತದೆ, 50 ಮೀಟರಿನಲ್ಲಿ ಉಳಿಸಿಕೊಳ್ಳುವುದು 5 ಜೂಲ್. ಬಂದೂಕಿನ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾಗುವ ವೇಗ ಬಹಳ ಸಲ ಇಂಥ ಪೆಲೆಟ್ಟಿನದೇ.

ಗುಂಪು ಹಿಗ್ಗುವ ಬಗೆ

ಈಗ ಮುಖ್ಯ ವಿಷಯ. ದೂರ ಎರಡು ಪಟ್ಟಾದರೆ ಗುಂಪೂ ಎರಡು ಪಟ್ಟಾಗುತ್ತದೆ ಎಂಬ ನಂಬಿಕೆ ಇದೆ. ಕೋನದ ತಪ್ಪಿಗೆ ಅದು ನಿಜ. ಹಿಡಿತ ಅಲುಗಿ ನಳಿಗೆಯ ಬಾಯಿ ಕೂದಲೆಳೆ ವಾಲಿದರೆ 25 ಮೀಟರಿನಲ್ಲಿ 3 ಮಿ.ಮೀ. ಆದದ್ದು 50ರಲ್ಲಿ 6 ಮಿ.ಮೀ. ಬೇರೆ ತಪ್ಪುಗಳು ಹೀಗಲ್ಲ.

ನಡುತೂಕದ ಪೆಲೆಟ್ಟನ್ನೇ ತೆಗೆದುಕೊಳ್ಳಿ. ಹೊರಡುವ ವೇಗ ಶೇ 1ರಷ್ಟು, ಅಂದರೆ ಸೆಕೆಂಡಿಗೆ 2.3 ಮೀಟರ್ ವ್ಯತ್ಯಾಸವಾದರೆ 25 ಮೀಟರಿನಲ್ಲಿ ಅದು ಮೇಲೆ-ಕೆಳಗೆ ಮಾಡುವುದು 1.25 ಮಿ.ಮೀ.; 50ರಲ್ಲಿ 5.7 ಮಿ.ಮೀ. ನಾಲ್ಕೂವರೆ ಪಟ್ಟು. ಅದೇ 2 ಮೀಟರಿನ ಅಡ್ಡಗಾಳಿ 25ರಲ್ಲಿ ಸರಿಸುವುದು 1.9 ಸೆಂ.ಮೀ., 50ರಲ್ಲಿ 8 ಸೆಂ.ಮೀ.; ನಾಲ್ಕು ಪಟ್ಟಿಗೂ ಹೆಚ್ಚು. ಇನ್ನು ಒಂದು ಪೆಲೆಟ್ಟಿಗೂ ಇನ್ನೊಂದಕ್ಕೂ ಆಕಾರ ಬೇರೆಯಾಗಿ, ಸ್ಕರ್ಟ್ ತುಸು ನಗ್ಗಿ, ಇಳಿತದ ದೂರ ಶೇ 5ರಷ್ಟು ಕಡಿಮೆಯಾದರೆ? 25 ಮೀಟರಿನಲ್ಲಿ ಆಗುವ ವ್ಯತ್ಯಾಸ 0.4 ಮಿ.ಮೀ., ಯಾರ ಕಣ್ಣಿಗೂ ಬೀಳದಷ್ಟು. 50ರಲ್ಲಿ ಅದು 3.7 ಮಿ.ಮೀ. ಒಂಬತ್ತು ಪಟ್ಟು.

ಅಂದರೆ ಪೆಲೆಟ್ಟಿನ ತಯಾರಿಕೆ ಒಂದೇ ಸಮನಿದೆಯೇ ಎಂಬ ಪ್ರಶ್ನೆಗೆ 25 ಮೀಟರಿನ ಕಾಗದ ಉತ್ತರ ಕೊಡಲಾರದು. ಮನೆಯ ಹಿತ್ತಲಲ್ಲಿ ಒಂದೇ ತೂತು ಮಾಡಿದ ಪೆಲೆಟ್ ಬಯಲಿಗೆ ಬಂದಾಗ ಹಾಳಾಯಿತೆಂದು ಗೊಣಗುವವರು ಬಂದೂಕನ್ನು ಬೈಯುತ್ತಾರೆ, ಸ್ಕೋಪನ್ನು ಬೈಯುತ್ತಾರೆ. ಕಾರಣ ಬಹುಶಃ ಈ ಒಂಬತ್ತು ಪಟ್ಟು.

ಇದನ್ನು ಒಟ್ಟುಗೂಡಿಸಿ ನೋಡೋಣ. ಬೇರೆ ಬೇರೆ ಕಾರಣಗಳ ಚದುರುವಿಕೆ ನೇರವಾಗಿ ಕೂಡುವುದಿಲ್ಲ. ಅವುಗಳ ವರ್ಗಗಳು ಕೂಡುತ್ತವೆ. ಗಾಳಿ ನಿಂತ ಬೆಳಗ್ಗೆ ಒಬ್ಬಾತನ ಹಿಡಿತದಿಂದ 25 ಮೀಟರಿನಲ್ಲಿ ಎಲ್ಲ ದಿಕ್ಕಿಗೂ 3 ಮಿ.ಮೀ. ಚದುರಿಕೆ ಎನ್ನಿ, ವೇಗದ ಏರಿಳಿತ ಶೇ 1, ಇಳಿತದ ದೂರದ ಏರಿಳಿತ ಶೇ 5. ಆಗ 25 ಮೀಟರಿನಲ್ಲಿ ಅಡ್ಡಕ್ಕೆ 3, ಉದ್ದಕ್ಕೆ 3.3 ಮಿ.ಮೀ.; ಗುಂಪು ದುಂಡಗೆ ಕಾಣುತ್ತದೆ. 50 ಮೀಟರಿನಲ್ಲಿ ಅಡ್ಡಕ್ಕೆ 6, ಉದ್ದಕ್ಕೆ 9.1. ಉದ್ದಕ್ಕೆ ಹಿಗ್ಗಿದ್ದು 2.8 ಪಟ್ಟು, ಅಡ್ಡಕ್ಕೆ 2 ಪಟ್ಟು. ಕಾಗದದ ಮೇಲೆ ನಿಂತ ಮೊಟ್ಟೆಯಾಕಾರ. ಇಂಥ ಆಕಾರ ಕಂಡರೆ ಹಿಡಿತ ತಿದ್ದಲು ಹೋಗಬೇಕಿಲ್ಲ, ಕ್ರೋನೋಗ್ರಾಫ್ ತರಬೇಕು. ವೇಗ ಸಮವಾಗಿದ್ದರೆ ತಪ್ಪು ಪೆಲೆಟ್ಟಿನದು. ವೇಗ ಕುಣಿಯುತ್ತಿದ್ದರೆ ಪಿಸ್ಟನ್ ಸೀಲ್, ಎಣ್ಣೆ, ಸ್ಕರ್ಟಿನ ಬಿಗಿತ ನೋಡಬೇಕು. ಗುಂಪು ಅಡ್ಡ ಮಲಗಿದ್ದರೆ ಗಾಳಿ.

ದುಂಡಗೆ ಇದ್ದುಕೊಂಡೇ ಎರಡು ಪಟ್ಟು ಹಿಗ್ಗಿದ ಗುಂಪು ಮಾತ್ರ ತೊಡಕಿನದ್ದು. ಹಿಡಿತದ ತಪ್ಪು ಹೀಗೆ ಕಾಣುತ್ತದೆ. ತೂಕದ ಕೇಂದ್ರ ಅಕ್ಷದಿಂದ ಸರಿದ ಪೆಲೆಟ್ ನಳಿಗೆ ಬಿಡುವಾಗ ಪಕ್ಕಕ್ಕೆ ಎಸೆಯಲ್ಪಡುವುದೂ ಹೀಗೇ ಕಾಣುತ್ತದೆ. ಅದೇ ಕೈ, ಅದೇ ಹೊತ್ತು, ಬೇರೆ ಪೆಲೆಟ್ ಹಾಕಿ ಹೊಡೆದರೆ ಮಾತ್ರ ಎರಡನ್ನೂ ಬೇರ್ಪಡಿಸಬಹುದು. ಇನ್ನು ಗಾಳಿಯಿಲ್ಲದೆಯೂ ಎಲ್ಲ ದಿಕ್ಕಿಗೆ ಮೂರು-ನಾಲ್ಕು ಪಟ್ಟು ಹಿಗ್ಗಿದರೆ ಪೆಲೆಟ್ ಸುರುಳಿ ಸುತ್ತಿ ಹಾರುತ್ತಿದೆ ಎಂಬ ಅನುಮಾನ ಸರಿ. ಮುಂದೊತ್ತುವ ವೇಗ ಕರಗಿದಷ್ಟು ಬೇಗ ತಿರುಗುವ ವೇಗ ಕರಗುವುದಿಲ್ಲ. ದೂರ ಹೋದಂತೆ ಎರಡರ ಹೊಂದಿಕೆ ತಪ್ಪುತ್ತದೆ. ಬೆಳಕು ಬೆನ್ನಿಗಿದ್ದಾಗ ಸ್ಕೋಪಿನಲ್ಲಿ ಪೆಲೆಟ್ಟಿನ ಬೆನ್ನು ಮಿನುಗಿ, ಗುರಿಯ ಹತ್ತಿರ ತಿರುಪಿನಂತೆ ಸುತ್ತುವುದು ಕಣ್ಣಿಗೇ ಕಾಣುವುದುಂಟು. ಅಂಥ ಪೆಲೆಟ್ಟನ್ನು ಆ ನಳಿಗೆಗೆ ಮತ್ತೆ ಹಾಕಬೇಕಿಲ್ಲ.

ಐದು ತೂತಿನ ಸಾಕ್ಷ್ಯ

ಗುಂಪಿನ ಗಾತ್ರ ಎಂದರೆ ಅತಿ ದೂರದ ಎರಡು ತೂತುಗಳ ಅಂತರ. ಐದರಲ್ಲಿ ಎರಡು ತೂತು ಮಾತ್ರ ಮಾತಾಡುತ್ತವೆ, ಮೂರು ಸುಮ್ಮನಿರುತ್ತವೆ. ಎಲ್ಲ ದಿಕ್ಕಿಗೂ ಸಮನಾದ, ಸಹಜ ಚದುರಿಕೆ ಇದ್ದಾಗ ಐದು ಹೊಡೆತದ ಗುಂಪಿನ ಸರಾಸರಿ ಗಾತ್ರ ಪ್ರಮಾಣಿತ ವಿಚಲನೆಯ 3.07 ಪಟ್ಟು, ಹತ್ತು ಹೊಡೆತಕ್ಕೆ 3.81 ಪಟ್ಟು. ಮೂರು ಹೊಡೆತದ ಗುಂಪು ಅಷ್ಟು ಚಂದ ಕಾಣುವುದಕ್ಕೆ ಕಾರಣ ಪೆಲೆಟ್ ಅಲ್ಲ. ಅಲ್ಲಿ ಈ ಸಂಖ್ಯೆ ಬರೀ 2.41. ಇದಕ್ಕಿಂತ ಮುಖ್ಯವಾದದ್ದು ಅದೃಷ್ಟದ ಪಾಲು. ಐದು ಹೊಡೆತದ ಗುಂಪಿನ ಗಾತ್ರ ತನ್ನ ಸರಾಸರಿಯ ಸುತ್ತ ಶೇ 27ರಷ್ಟು ಏರಿಳಿಯುತ್ತದೆ. ಸರಾಸರಿ 30 ಮಿ.ಮೀ. ಹೊಡೆಯುವ ಬಂದೂಕು ಅದೇ ಪೆಲೆಟ್ಟಿನಲ್ಲಿ, ಅದೇ ಕೈಯಲ್ಲಿ 22 ಮಿ.ಮೀ. ಗುಂಪನ್ನೂ ಕೊಡುತ್ತದೆ, 38 ಮಿ.ಮೀ. ಗುಂಪನ್ನೂ ಕೊಡುತ್ತದೆ, ಇದರಲ್ಲಿ ಅಚ್ಚರಿ ಏನೂ ಇಲ್ಲ. 22 ಬಂದ ಕಾಗದ ಗೋಡೆಗೆ ಹೋಗುತ್ತದೆ, 38 ಬಂದದ್ದು ಕಸದ ಬುಟ್ಟಿಗೆ. ಪೆಲೆಟ್‌ಗಳ ಖ್ಯಾತಿಯಲ್ಲಿ ಬಹುಪಾಲು ಹೀಗೆ ಹುಟ್ಟಿದ್ದು ಎಂಬುದು ನನ್ನ ಅನುಮಾನ.

ಆದ್ದರಿಂದ ಗುಂಪಿನ ಗಾತ್ರದ ಬದಲು ಎಲ್ಲ ತೂತುಗಳ ನಡುಬಿಂದು ಕಂಡುಹಿಡಿದು, ಅದರಿಂದ ಪ್ರತಿ ತೂತಿಗಿರುವ ದೂರದ ಸರಾಸರಿ ತೆಗೆಯುವುದು ಮೇಲು. ಎಲ್ಲ ತೂತುಗಳೂ ಸಾಕ್ಷ್ಯ ಹೇಳುತ್ತವೆ. ಜೊತೆಗೆ ಅಡ್ಡಕ್ಕೂ ಉದ್ದಕ್ಕೂ ಬೇರೆ ಬೇರೆ ಪ್ರಮಾಣಿತ ವಿಚಲನೆ ಬರೆದುಕೊಂಡರೆ ಮೇಲೆ ಹೇಳಿದ ಹಿಗ್ಗುವಿಕೆಯ ಲೆಕ್ಕ ತಾನಾಗಿ ಸಿದ್ಧ. ಒಂದು ಪೆಲೆಟ್ಟಿಗೆ ಒಂದು ದೂರದಲ್ಲಿ 20 ಹೊಡೆತಕ್ಕೆ ಕಡಿಮೆ ಇದ್ದರೆ ನಾನು ಅದನ್ನು ಹೋಲಿಕೆ ಎನ್ನಲಾರೆ. 20 ಹೊಡೆತಕ್ಕೂ ಮಿತಿಯಿದೆ. ಸ್ಕೋಪನ್ನು ಮುಟ್ಟದೆ ಎರಡು ದೂರಗಳಲ್ಲಿ ಹೊಡೆದು, ನಡುಬಿಂದುಗಳ ಏರಿಳಿತದಿಂದ ಇಳಿತದ ದೂರವನ್ನು ಕಂಡುಕೊಳ್ಳಬಹುದು. ಆದರೆ 50 ಮೀಟರಿನಲ್ಲಿ ವಿಚಲನೆ 8 ಮಿ.ಮೀ. ಇದ್ದರೆ ಈ ದಾರಿಯಲ್ಲಿ ಶೇ 10ರ ವ್ಯತ್ಯಾಸ ಕಾಣುತ್ತದೆ, ಶೇ 5ರದ್ದು ಮಸುಕಿನಲ್ಲೇ ಉಳಿಯುತ್ತದೆ.

ಹೊಡೆತಗಳ ಕ್ರಮವೂ ಫಲಿತಾಂಶವನ್ನು ಕೆಡಿಸಬಲ್ಲದು. ಬೆಳಗ್ಗೆ ಒಂದು ಡಬ್ಬಿ ಮುಗಿಸಿ ಮಧ್ಯಾಹ್ನ ಇನ್ನೊಂದು ತೆರೆದರೆ ಹೋಲಿಸಿದ್ದು ಪೆಲೆಟ್ಟನ್ನಲ್ಲ, ಹೊತ್ತನ್ನು. ಒಂದೊಂದೇ ಅದಲುಬದಲು ಹೊಡೆಯೋಣವೆಂದರೆ ಅದೂ ಕೂಡದು: ನಳಿಗೆಯೊಳಗೆ ಹಿಂದಿನ ಪೆಲೆಟ್ಟಿನ ಸೀಸ ಮತ್ತು ಜಿಡ್ಡು ಅಂಟಿರುತ್ತದೆ, ಹೊಸದು ಅದರ ಮೇಲೆ ಒಗ್ಗಿಕೊಳ್ಳಲು ಕೆಲವು ಹೊಡೆತ ಬೇಕು. ಮಧ್ಯದ ದಾರಿ ಎಂದರೆ ಹತ್ತು ಹೊಡೆತ ಲೆಕ್ಕಕ್ಕಿಲ್ಲದೆ ಬಿಟ್ಟು, ಮುಂದಿನ ಹತ್ತನ್ನು ಬರೆದುಕೊಂಡು, ಪೆಲೆಟ್ ಬದಲಿಸುವುದು. ಆಮೇಲೆ ಹಿಂದುಮುಂದಾದ ಕ್ರಮದಲ್ಲಿ ಮತ್ತೊಮ್ಮೆ. ಪೆಲೆಟ್ಟಿನ ಸ್ಕರ್ಟನ್ನು ನಳಿಗೆಗೆ ತೂರಿಸುವಾಗ ಹೆಬ್ಬೆರಳಿನ ಒತ್ತು ಒಂದೇ ರೀತಿ ಇರಬೇಕು. 4.51, 4.52, 4.53 ಮಿ.ಮೀ. ಎಂದು ತಲೆಯ ಅಳತೆ ಬೇರೆ ಇರುವ ಡಬ್ಬಿಗಳನ್ನು ಬೇರೆ ಬೇರೆ ಪೆಲೆಟ್ ಎಂದೇ ಎಣಿಸಬೇಕು.

ಹಿಡಿತದ ವಿಷಯದಲ್ಲಿ ನ್ಯಾಯ ಕೊಡುವುದು ಇನ್ನೂ ಕಷ್ಟ. ಸ್ಪ್ರಿಂಗ್ ರೈಫಲ್ಲನ್ನು ಬಿಗಿಯಾಗಿ ಹಿಡಿಯದೆ ತೆರೆದ ಅಂಗೈ ಮೇಲೆ ಇಟ್ಟು, ಅದು ತನ್ನಷ್ಟಕ್ಕೆ ಒದೆಯಲು ಬಿಡುವ ರೀತಿಗೆ ಅಮೆರಿಕದ ಏರ್‌ಗನ್ ಬರಹಗಾರ ಟಾಮ್ ಗೇಲಾರ್ಡ್ ‘ಆರ್ಟಿಲರಿ ಹೋಲ್ಡ್’ ಎಂದು ಹೆಸರಿಟ್ಟರು. ಅಂಗೈ ಎಲ್ಲಿರಬೇಕು ಎಂಬುದು ಪೆಲೆಟ್ಟಿನಿಂದ ಪೆಲೆಟ್ಟಿಗೆ ಬದಲಾಗಬಹುದು, ಏಕೆಂದರೆ ಭಾರದ್ದು ನಳಿಗೆಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಬಾಯಿ ಬೇರೆ ಕಡೆ ನೋಡುತ್ತಿರುವಾಗ ಹೊರಬರುತ್ತದೆ. ಹತ್ತಿರದ ಗುರಿಯಲ್ಲಿ ಭಾರದ ಪೆಲೆಟ್ ಹಗುರದ್ದಕ್ಕಿಂತ ಮೇಲೆ ಬಡಿಯುವ ವಿಚಿತ್ರಕ್ಕೂ ಇದೇ ಕಾರಣ. ಹಗುರದ್ದಕ್ಕೆ ಹೊಂದಿಸಿದ ಅಂಗೈಯಲ್ಲೇ ಭಾರದ್ದನ್ನೂ ಹೊಡೆದು ಸೋಲಿಸುವುದು ಸರಿಯಾದ ಪರೀಕ್ಷೆಯಲ್ಲ. ಪ್ರತಿಯೊಂದಕ್ಕೂ ಅದರದೇ ಜಾಗ ಹುಡುಕಿಕೊಟ್ಟು ಆಮೇಲೆ ಹೋಲಿಸಬೇಕು. ಸ್ಕೋಪಿನ ಪ್ಯಾರಲಾಕ್ಸನ್ನು ಎರಡು ದೂರಕ್ಕೂ ಬೇರೆ ಬೇರೆಯಾಗಿ ಸರಿಮಾಡದಿದ್ದರೆ ಕಣ್ಣು ಸರಿದಷ್ಟು ಗುರಿಯೂ ಸರಿಯುತ್ತದೆ, ಮೇಲಿನ ಎಲ್ಲ ಲೆಕ್ಕ ವ್ಯರ್ಥ.

ಊರಿನಿಂದ ಊರಿಗೆ

ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ಹೊಂದದಿರಲು ಗಾಳಿಯ ಸಾಂದ್ರತೆಯೂ ಕಾರಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ. ಉಷ್ಣತೆ ಒಂದೇ ಇದ್ದರೆ ಅಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಶೇ 10ರಷ್ಟು ತೆಳು. ನಡುತೂಕದ ಪೆಲೆಟ್ಟಿನ ಇಳಿತದ ದೂರ ಕಡಲತೀರದಲ್ಲಿ 150 ಮೀ. ಇದ್ದದ್ದು ಬೆಂಗಳೂರಿನಲ್ಲಿ 167 ಮೀ. ಆಗುತ್ತದೆ. ಅದೇ ವೇಗದಲ್ಲಿ ಹೊರಟರೆ 50 ಮೀಟರಿನಲ್ಲಿ 7 ಮಿ.ಮೀ. ಮೇಲೆ ಬಡಿಯುತ್ತದೆ, 2 ಮೀಟರಿನ ಅಡ್ಡಗಾಳಿಗೆ 8 ಸೆಂ.ಮೀ. ಬದಲು 7.1 ಸೆಂ.ಮೀ. ಸರಿಯುತ್ತದೆ. ಶಕ್ತಿ ಒಂದಿಷ್ಟೂ ಕಳೆದುಕೊಳ್ಳದ ಭಾರದ ಪೆಲೆಟ್ಟಿನಿಂದ ಕಡಲತೀರದಲ್ಲಿ ಸಿಗುತ್ತಿದ್ದ ಲಾಭಕ್ಕೆ ಇದು ಹೆಚ್ಚು ಕಡಿಮೆ ಸಮ. ಮಂಗಳೂರಿನ ಕಡೆಯವರು ಚೆನ್ನಾಗಿಲ್ಲವೆಂದ ಪೆಲೆಟ್ಟನ್ನು ಬೆಂಗಳೂರಿನವರು ಹೊಗಳಿದರೆ ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಡಬ್ಬಿಯ ಮೇಲಿನ ಗುಣಾಂಕ ಬೆಂಗಳೂರಿಗೂ ಸಲ್ಲುವುದು ಸಾಂದ್ರತೆಯನ್ನು ಲೆಕ್ಕಕ್ಕೆ ಸೇರಿಸಿದಾಗ ಮಾತ್ರ.

ತೀರ್ಪು ಹೇಳುವುದಾದರೆ ಹೀಗೆ: 4.5 ಮಿ.ಮೀ., 15 ಜೂಲ್ ಆಸುಪಾಸಿನ ಸ್ಪ್ರಿಂಗ್ ರೈಫಲ್‌ಗೆ 50 ಮೀಟರಿನಲ್ಲಿ ಮೊದಲು ಪರೀಕ್ಷಿಸಬೇಕಾದದ್ದು 0.55 ಗ್ರಾಂ ಸುತ್ತಮುತ್ತಲಿನ ದುಂಡು ತಲೆಯ ಪೆಲೆಟ್. ಭಾರದ್ದಕ್ಕೆ ಹೋಗುವುದಾದರೆ ಬಾಯಿಯ ಶಕ್ತಿ ಶೇ 12ಕ್ಕಿಂತ ಕಡಿಮೆ ಇಳಿದಿದೆಯೆಂದು ಅಳೆದು ನೋಡಿದ ಮೇಲೆ. ಹಗುರದ್ದು ದೂರದ ಅಂದಾಜು ಕಷ್ಟವಾಗಿ ಗಾಳಿ ಇಲ್ಲದಿರುವ ಜಾಗಕ್ಕೆ. ಪರೀಕ್ಷೆ ಮಾಡಿ ಫಲಿತಾಂಶ ಹಂಚಿಕೊಳ್ಳುವವರಲ್ಲಿ ಒಂದು ಕೋರಿಕೆ ಇದೆ: ಕಾಗದದ ಚಿತ್ರದ ಜೊತೆಗೆ ಹೊರಡುವ ವೇಗದ ಸರಾಸರಿ ಮತ್ತು ಏರಿಳಿತ, ತಲೆಯ ಅಳತೆ, ಊರಿನ ಎತ್ತರ, ಉಷ್ಣತೆ, ಒಟ್ಟು ಹೊಡೆತಗಳ ಸಂಖ್ಯೆ, 25 ಮತ್ತು 50 ಮೀಟರ್ ಎರಡರ ಅಡ್ಡ-ಉದ್ದದ ವಿಚಲನೆ, ಇಷ್ಟನ್ನೂ ಬರೆಯಿರಿ; ಕೆಟ್ಟ ಗುಂಪುಗಳನ್ನೂ ಬಿಡದೆ ಸೇರಿಸಿ.